ಹೊನ್ನಾಜಮ್ಮನ ಮೇಷ್ಟ್ರು

ಮೇಷ್ಟ್ರ ಮಣ್ಣಿಗೆಂದು ಚನ್ನಪಟ್ಟಣಕ್ಕೆ ಹೋದಾಗ ಅವರ ಬೀದಿಯ ಮೂಲೆಯಲ್ಲಿ ಕಟ್ಟಿದ್ದ ಫ್ಲೆಕ್ಸ್ ನೋಡಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಿರೀಟ, ಕೊಳಲು, ಮುಖಕ್ಕೆಲ್ಲ ನೀಲಿ ಬಣ್ಣ. ಯಾವುದೋ ಕಾಲದ ವೇಷದ ಫೋಟೊ ಹುಡುಕಿ ತಂದು, ಸುತ್ತ ಊರಿನ ಮುಖಂಡರ ಮುಖಗಳನ್ನು ಜೋಡಿಸಿ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ ಎಂದು ಬರೆಸಿದ್ದರು. ಆ ಮನುಷ್ಯ ಜೀವಮಾನದಲ್ಲಿ ಸ್ವಂತವಾಗಿ ಬರೆದದ್ದು ಒಂದೇ ಒಂದು ನಾಟಕ. ಅದರ ಹೆಸರು ಫ್ಲೆಕ್ಸಿನಲ್ಲಿ ಎಲ್ಲೂ ಇರಲಿಲ್ಲ. ಹೆಣದ ಮುಂದೆ ಹಾರ್ಮೋನಿಯಂ ಇಟ್ಟುಕೊಂಡು ಹಾಡಿದವರೂ ಅದರ ಸುದ್ದಿ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಅದರ ಕೊನೆಯ ದೃಶ್ಯವನ್ನು ಸ್ಟೇಜಿನ ಮೇಲೆ ಒಬ್ಬರೂ ನೋಡಿಲ್ಲ.

ನಮ್ಮ ಕಡೆ, ಅಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸುತ್ತಿನ ಹಳ್ಳಿಗಳಲ್ಲಿ, ನಾಟಕ ಕಲಿಸುವವರಿಗೆ ಮೇಷ್ಟ್ರು ಎನ್ನುತ್ತಾರೆ. ಊರವರು ಪೌರಾಣಿಕ ನಾಟಕ ಆಡಬೇಕೆಂದು ತೀರ್ಮಾನಿಸಿದರೆ ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಇಲ್ಲಿ ನಟನಿಗೆ ಯಾರೂ ಸಂಭಾವನೆ ಕೊಡುವುದಿಲ್ಲ. ನಟನೇ ದುಡ್ಡು ಕೊಟ್ಟು ಪಾತ್ರ ತೆಗೆದುಕೊಳ್ಳಬೇಕು. ಹೆಣ್ಣುಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿಯರನ್ನು ಕರೆಸುತ್ತಾರೆ, ಏಕೆಂದರೆ ಊರಿನ ಹೆಣ್ಣುಮಕ್ಕಳು ಬಣ್ಣ ಹಚ್ಚುವಂತಿಲ್ಲ. ಹಗಲು ಹಿಪ್ಪುನೇರಳೆ ಸೊಪ್ಪು ಕೊಯ್ಯುವವನು, ಬಿಡದಿಯ ಕಾರ್ಖಾನೆಯಲ್ಲಿ ಬೋಲ್ಟು ಬಿಗಿಯುವವನು ವರ್ಷಕ್ಕೊಮ್ಮೆ ಕಿರೀಟ ಇಟ್ಟುಕೊಂಡು ರಾಜನಾಗುತ್ತಾನೆ. ಆಮೇಲೆ ಆ ಪಾತ್ರವೇ ಅವನ ಹೆಸರಾಗುತ್ತದೆ. ಬೈರಾಪಟ್ಟಣದ ಪಕ್ಕದ ನಮ್ಮ ಹಳ್ಳಿಯಲ್ಲಿ ಗದೆ ಹಿಡಿಯುವ ಪಾತ್ರವನ್ನು ಯಾರಿಗೂ ಬಿಟ್ಟುಕೊಡದ ಗೌಡರೊಬ್ಬರಿದ್ದಾರೆ. ಅವರ ನಿಜವಾದ ಹೆಸರು ಬಹುಶಃ ರೇಷನ್ ಕಾರ್ಡಿನಲ್ಲಿ ಮಾತ್ರ ಇದೆ. ಊರಿಗೆಲ್ಲ ಅವರು ಗದೆ ಗೌಡರು, ನಾಟಕದ ಕಮಿಟಿಗೂ ಅವರೇ ಯಜಮಾನರು.

ಮೇಷ್ಟ್ರು ಈ ಗದೆಗಳಿಗೆ, ಕಿರೀಟಗಳಿಗೆ ಆಯುಷ್ಯವೆಲ್ಲ ಶ್ರುತಿ ಹಿಡಿದರು. ಸಣ್ಣ ಆಳು. ಪ್ಯಾಂಟು ಷರಟಿನ ಮೇಲೊಂದು ಬಿಳಿ ಟವೆಲು. ಮಾತಾಡುತ್ತ ಆಡುತ್ತ ಮೈಮರೆತರೆ ಆ ಟವೆಲು ತಾನಾಗಿ ಬಲಗಡೆಯಿಂದ ಜಾರಿ ಎಡಭುಜದ ಮೇಲೆ ಸೆರಗಾಗಿಬಿಡುತ್ತಿತ್ತು. ಯಾರಾದರೂ ಹಿರಿಯರು ಬಂದರೆ ಅದರ ಚುಂಗು ಹಿಡಿದು ತಲೆ ಮೇಲೆಳೆಯಲು ಹೋಗಿ, ಅರ್ಧದಲ್ಲೇ ನೆನಪಾಗಿ ಬಿಟ್ಟುಬಿಡುತ್ತಿದ್ದರು. ಹರೆಯದಲ್ಲಿ ನಾಟಕ ಕಂಪನಿಯೊಂದರಲ್ಲಿ ಅವರು ಸ್ತ್ರೀಪಾತ್ರಧಾರಿ. ಆಗ ಕಿತ್ತ ಹುಬ್ಬು ಮತ್ತೆ ಸರಿಯಾಗಿ ಹುಟ್ಟಲೇ ಇಲ್ಲ. ನಮ್ಮೂರ ಹುಡುಗರು ಅದನ್ನು ನೋಡಿ ಹಿಂದಿನಿಂದ ಮುಸಿಮುಸಿ ನಗುತ್ತಿದ್ದರು. ಮೇಷ್ಟ್ರಿಗೆ ಗೊತ್ತಾಗುತ್ತಿತ್ತು, ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

“ವರ್ಸಾನ್ಗಟ್ಲೆ ಬರೀ ಅತ್ತಿವ್ನಿ ಕಣವ್ವ ಸ್ಟೇಜ್ ಮ್ಯಾಲೆ,” ಎಂದು ಒಂದು ಸಲ ನನಗೆ ಹೇಳಿದ್ದರು. “ಗಂಡ ಸತ್ರೆ ಅಳೋದು, ಗಂಡ ಕಾಡ್ಗೆ ಅಟ್ಟುದ್ರೆ ಅಳೋದು, ಮಗ ಕಳ್ದೋದ್ರೆ ಅಳೋದು. ಅಳೋಕೆ ನಂಗೆ ಗ್ಲಿಸರಿನ್ನೂ ಬೇಕಿರ್ನಿಲ್ಲ, ಹೊಟ್ಟೆ ಹಸ್ದಿರೋದು. ನಿಂಗೇನ್ ಬೇಕವ್ವ ಅಂತ ಮಾತ್ರ ಅವ್ಳನ್ನ ಯಾವ್ ನಾಟಕದಾಗೂ ಯಾರೂ ಕೇಳ್ನಿಲ್ಲ.”

ಆ ಕಂಪನಿ ಒಂದು ಸಲ ಕರಾವಳಿಯ ಕಡೆ ಕ್ಯಾಂಪ್ ಹಾಕಿತ್ತಂತೆ. ಅಲ್ಲಿ ದಡಕ್ಕೆ ಬರುತ್ತಿದ್ದ ದೋಣಿಯೊಂದರಲ್ಲಿ ಒಬ್ಬಳು ಹುಡುಗಿ ನಿಂತು ಗಂಡಸರಿಗೆಲ್ಲ ಗದರಿಸುತ್ತ, ಹಗ್ಗ ಎಳೆಸುತ್ತ ಇದ್ದದ್ದನ್ನು ನೋಡಿದರಂತೆ. ಅಷ್ಟೇ. ಅವಳ ಹೆಸರೂ ಗೊತ್ತಿಲ್ಲ, ಜಾತಿಯೂ ಗೊತ್ತಿಲ್ಲ. ಅದನ್ನು ತಲೆಗೆ ಹಚ್ಚಿಕೊಂಡು ಎಷ್ಟೋ ವರ್ಷ ತಿದ್ದಿ ತಿದ್ದಿ ಬರೆದ ಐತಿಹಾಸಿಕ ನಾಟಕವೇ ‘ಹಡಗಿನ ಹೊನ್ನಾಜಮ್ಮ’.

ಕಥೆ ಪಾಳೆಯಗಾರರ ಕಾಲದ್ದು. ಮಾಗಡಿ ಸೀಮೆಯ ರೇಷ್ಮೆ ವರ್ತಕನೊಬ್ಬ ಸಮುದ್ರ ದಾಟಿ ಹೋದವನು ಪರದೇಶದವರ ಕೈಗೆ ಸೆರೆ ಸಿಕ್ಕುತ್ತಾನೆ. ಊರ ಹಿರಿಯರು ತಲೆ ಕೆರೆದುಕೊಂಡು ಕೂತಿರುವಾಗ ಅವನ ಮಗಳು ಹೊನ್ನಾಜಮ್ಮ ಕತ್ತಿ ಕಟ್ಟಿಕೊಂಡು ಘಟ್ಟ ಇಳಿದು ಹಡಗು ಹತ್ತುತ್ತಾಳೆ. ಬಿರುಗಾಳಿಯಲ್ಲಿ ನಾಯಕ ಸತ್ತಾಗ ಚುಕ್ಕಾಣಿ ಹಿಡಿಯುತ್ತಾಳೆ. ಕೊನೆಯ ದೃಶ್ಯದಲ್ಲಿ ಇನ್ನೊಂದು ಹಡಗು ಸುದ್ದಿ ತರುತ್ತದೆ: ನಿನ್ನ ತಂದೆ ಬಿಡುಗಡೆಯಾಗಿ ಮನೆ ಸೇರಿದ್ದಾನೆ, ಪಾಳೆಯಗಾರರು ನಿನ್ನ ತಪ್ಪನ್ನೆಲ್ಲ ಮನ್ನಿಸಿ ತಮ್ಮ ಮಗನಿಗೇ ನಿನ್ನನ್ನು ತಂದುಕೊಳ್ಳುತ್ತಾರೆ, ಹಿಂದಿರುಗು. ನಾವಿಕರು ಕುಣಿದಾಡಿ ಹಡಗು ತಿರುಗಿಸಲು ಹೋಗುತ್ತಾರೆ. ಆಗ ಅವಳ ಮಾತು: “ತಂದೆಯನ್ನು ಅರಸಿ ಹೊರಟವಳು ನಾನು, ನಿಜ. ತಂದೆ ಮನೆ ಸೇರಿದರು. ಇನ್ನು ಈ ಹಡಗು ನನಗೋಸ್ಕರ ಹೋಗುತ್ತದೆ. ತಿರುಗಿಸಬೇಡಿ.” ಪರದೆ. ಮಂಗಳದ ಹಾಡಿಲ್ಲ, ಮದುವೆಯಿಲ್ಲ. ಇದೊಂದು ಮಾತನ್ನು ಜನ ಕೇಳಿಸಿಕೊಳ್ಳಬೇಕು ಎಂಬುದೇ ಅವರ ಆಸೆ. ಮಿಕ್ಕಿದ್ದೆಲ್ಲ ಅಲ್ಲಿಗೆ ಹೋಗುವ ದಾರಿ ಎನ್ನುತ್ತಿದ್ದರು.

ಈ ನಾಟಕವನ್ನು ಯಾರು ಆಡುತ್ತಾರೆ? ಒಂದು ಹುಡುಗಿಯ ಕೈಕೆಳಗೆ ಹಗ್ಗ ಎಳೆಯುವ ನಾವಿಕನ ಪಾತ್ರಕ್ಕೆ ದುಡ್ಡು ಕೊಡುವ ಗಂಡಸು ನಮ್ಮ ಜಿಲ್ಲೆಯಲ್ಲಿ ಹುಟ್ಟಿಲ್ಲ. ಹಳ್ಳಿ ಹಳ್ಳಿಯಲ್ಲೂ ಕೇಳಿದರು. ಎಲ್ಲರೂ ಕಾಫಿ ಕೊಟ್ಟು, ಮುಂದಿನ ವರ್ಷ ನೋಡೋಣ ಎಂದು ಗೋಣು ಆಡಿಸಿ ಕಳಿಸಿದರು.

ನಾನು ಅವರ ಕಣ್ಣಿಗೆ ಬಿದ್ದದ್ದು ಜಗಳದಲ್ಲಿ. ಡಿಗ್ರಿ ಮುಗಿಸಿ ಬಿಡದಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಗೆ ಆಗಷ್ಟೇ ಸೇರಿದ್ದೆ. ಕಂಪನಿ ಬಸ್ಸಿನ ಡ್ರೈವರ್ ನಮ್ಮೂರ ಹೆಣ್ಣುಮಕ್ಕಳನ್ನು ಊರೊಳಗೆ ಬಿಡದೆ ಹೆದ್ದಾರಿಯಲ್ಲೇ ಇಳಿಸಿ ಹೋಗುತ್ತಿದ್ದ. ಒಂದು ಸಂಜೆ ನಾನು ಬಸ್ಸಿನ ಮುಂದೆ ನಿಂತುಕೊಂಡು, ಊರಿಗೆ ಬಿಡುವವರೆಗೂ ಜಗ್ಗುವುದಿಲ್ಲ ಎಂದು ಬಾಯಿ ಮಾಡಿದೆ. ನನ್ನ ಬಾಯಿ ಸಣ್ಣದಲ್ಲ, ಮನೆಯಲ್ಲಿ ಅದಕ್ಕಾಗಿ ಬೈಸಿಕೊಂಡಷ್ಟು ಇನ್ಯಾವುದಕ್ಕೂ ಬೈಸಿಕೊಂಡಿಲ್ಲ. ಟೀ ಅಂಗಡಿ ಬೆಂಚಿನ ಮೇಲೆ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮೇಷ್ಟ್ರು ಮರುದಿನವೇ ಮನೆಗೆ ಬಂದರು. ಅಪ್ಪನ ಮುಂದೆ ಕೂತು, ನಿಮ್ಮ ಮಗಳ ಗಂಟಲು ಬೇಕು ಎಂದರು. ಅಪ್ಪ ಎದ್ದು ಹೊಲಕ್ಕೆ ಹೊರಟುಹೋದರು. ಅದು ಅವರ ಉತ್ತರ.

ನಾನು ಪಟ್ಟು ಬಿಡಲಿಲ್ಲ. ಮನೆಯಲ್ಲಿ ನಡೆದದ್ದನ್ನೆಲ್ಲ ಬರೆದರೆ ಅದೇ ಇನ್ನೊಂದು ನಾಟಕವಾದೀತು. ಕೊನೆಗೆ ಅಪ್ಪ ಒಂದೇ ಒಂದು ಸಲ ಎಂದರು, ಆಮೇಲೆ ಗಂಡು ನೋಡುತ್ತೇನೆ ಎಂದರು. ನನಗೆ ಆಗ ಹೊನ್ನಾಜಮ್ಮ ಸಿಕ್ಕರೆ ಸಾಕಾಗಿತ್ತು, ಹೂಂ ಎಂದೆ.

ಗೌಡರ ರೇಷ್ಮೆ ಹುಳು ಸಾಕುವ ಮನೆ ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ಕೂರಿಸುವವರೆಗೆ ಖಾಲಿ ಇರುತ್ತಿತ್ತು. ಅಲ್ಲೇ ನಮ್ಮ ಪ್ರಾಕ್ಟೀಸು. ಬ್ಲೀಚಿಂಗ್ ಪೌಡರಿನ ವಾಸನೆ ಕಣ್ಣಿಗೆ ಹೊಡೆಯುತ್ತಿತ್ತು. ನಾವಿಕರಾಗಿ ನನ್ನ ಜೊತೆ ಫ್ಯಾಕ್ಟರಿಗೆ ಬರುತ್ತಿದ್ದ ಕೆಲವರನ್ನು ನಾನೇ ಒಪ್ಪಿಸಿ ಎಳೆದು ತಂದಿದ್ದೆ. ಮೇಷ್ಟ್ರು ಅವರಿಂದ ಒಂದು ಪೈಸೆ ಮುಟ್ಟಲಿಲ್ಲ. ನನಗೆ ನಿಲ್ಲುವುದನ್ನು ಕಲಿಸಲು ಅವರಿಗೆ ಒಂದು ವಾರ ಹಿಡಿಯಿತು. ಬರೀ ನಿಲ್ಲುವುದನ್ನು. “ಕಾಲ್ ಜೋಡುಸ್ಬ್ಯಾಡ ಕಣವ್ವ, ಮದ್ವೆ ಹೆಣ್ಣಲ್ಲ ನೀನು. ಒಸಿ ಅಗಲ ಮಾಡು. ಕೆಳ್ಗೆ ನೆಲ ಅಲ್ಲಾಡ್ತಾ ಐತೆ, ನೀನು ಅಲ್ಲಾಡ್ತಿಲ್ಲ.” ಮಾತು ತಪ್ಪಿದರೆ ಬೈಯುತ್ತಿರಲಿಲ್ಲ. ಮಾತಿನ ಕೊನೆಯಲ್ಲಿ ದನಿ ಇಳಿಸಿದರೆ ಮಾತ್ರ ಹಾರ್ಮೋನಿಯಂ ಮೇಲೆ ಅಂಗೈ ಬಡಿದು ನಿಲ್ಲಿಸುತ್ತಿದ್ದರು. ಹೆಣ್ಣು ದನಿ ಇಳಿಸಿದಳೆಂದರೆ ಜನ ಮಿಕ್ಕದ್ದನ್ನು ತಾವೇ ತುಂಬಿಕೊಂಡುಬಿಡುತ್ತಾರೆ ಎಂಬುದು ಅವರ ಲೆಕ್ಕ.

ಒಂದು ದಿನ ಗದೆ ಗೌಡರು ಬಂದು ಕೂತು ಪೂರ್ತಿ ನಾಟಕ ನೋಡಿದರು. ಕೆಟ್ಟ ಮನುಷ್ಯರಲ್ಲ. ಗಂಭೀರವಾಗಿ ಕೇಳಿದರು, ಅಪ್ಪ ಮನೆಗೆ ಬಂದಾಯಿತಲ್ಲ, ಇನ್ನು ಇವಳು ಮುಂದಕ್ಕೆ ಯಾಕೆ ಹೋಗುತ್ತಾಳೆ ಎಂದು. ಅದಕ್ಕೇ ಗೌಡ್ರೆ ನಾಟಕ ಬರೆದಿರುವುದು ಎಂದರು ಮೇಷ್ಟ್ರು. ಗೌಡರು, ಊರ ಹಬ್ಬದ ಸಂಜೆ ತಮ್ಮ ನಾಟಕಕ್ಕೆ ಬಣ್ಣ ಹಚ್ಚಿ ಮುಗಿಯುವವರೆಗೆ ಸ್ಟೇಜು ನಿಮ್ಮದು ಎಂದರು. ಅಂದರೆ ರಾಜರು ಸಿದ್ಧರಾಗುವ ತನಕ ಜನ ಎದ್ದು ಹೋಗದ ಹಾಗೆ ನಾವು ಕೂರಿಸಿಕೊಳ್ಳಬೇಕು. ನನಗೆ ಮೈ ಉರಿಯಿತು. ಮೇಷ್ಟ್ರು ಮಾತ್ರ ಗೌಡರ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡರು.

ಅವರಿಗಿದ್ದ ಒಂದೇ ಚಿಂತೆ ಸಮುದ್ರದ ಪರದೆ. ನಮ್ಮ ಕಡೆ ಸೀನರಿ ಬಾಡಿಗೆಗೆ ಕೊಡುವವರ ಹತ್ತಿರ ದರ್ಬಾರು, ಬೀದಿ, ಕಾಡು, ಕೈಲಾಸ ಎಲ್ಲ ಇರುತ್ತದೆ. ಸಮುದ್ರ ಯಾರು ಕೇಳುತ್ತಾರೆ? ಆದರೆ ಸೀನರಿಯವನು ಫೋನಿನಲ್ಲಿ, ಐತೆ ಮೇಷ್ಟ್ರೆ, ದೊಡ್ಡ ಸಮುದ್ರ ಐತೆ, ತತ್ತೀನಿ ಎಂದುಬಿಟ್ಟ. ಆ ದಿನ ಮೇಷ್ಟ್ರು ಹುಳುವಿನ ಮನೆಯಲ್ಲಿ ನಮಗೆಲ್ಲ ಮೈಸೂರು ಪಾಕ್ ಹಂಚಿದರು.

ಹಬ್ಬದ ದಿನ ಸೀನರಿಯವನು ತಡವಾಗಿ ಬಂದ. ಪರದೆಗಳನ್ನೆಲ್ಲ ಸುತ್ತಿ ಮೇಲೆ ಕಟ್ಟಿರುತ್ತಾರೆ, ಹಗ್ಗ ಬಿಟ್ಟಾಗಲೇ ಅದರಲ್ಲಿ ಏನಿದೆ ಎಂದು ಕಾಣುವುದು. ದರ್ಬಾರು, ಬೀದಿ ಚೆನ್ನಾಗಿಯೇ ಆಯಿತು. ಜನ ಕಡಲೆಕಾಯಿ ತಿನ್ನುತ್ತ, ಯಾರ ಮಗಳು ಎಂದು ನನ್ನ ಕಡೆ ಕೈ ತೋರಿಸಿ ವಿಚಾರಿಸುತ್ತ ನೋಡಿದರು. ಪರವಾಗಿಲ್ಲ, ನೋಡುತ್ತಿದ್ದರು. ಮೂರನೆಯ ದೃಶ್ಯಕ್ಕೆ ನಾನು ಕೆಂಪು ಸೀರೆಗೆ ಕಚ್ಚೆ ಹಾಕಿ, ಕತ್ತಿ ಸಿಕ್ಕಿಸಿಕೊಂಡು, ಕಾಲು ಅಗಲ ಮಾಡಿ ನಿಂತೆ. ನನ್ನ ಹಿಂದೆ ಸಮುದ್ರ ಇಳಿಯಿತು. ಅದು ಹಾಲಿನ ಸಮುದ್ರ. ನಡುವೆ ಹಾವಿನ ಮೇಲೆ ಮಲಗಿದ ದೇವರು, ಐದು ಹೆಡೆ, ಶಂಖ, ಚಕ್ರ, ಎಲ್ಲ. ದೇವರ ಕಾಲ ಹತ್ತಿರ ಲಕ್ಷ್ಮಿ ಇರಬೇಕಾದ ಕಡೆ ಪರದೆ ಹರಿದು ಹೋಗಿ ತೇಪೆ ಹಾಕಿದ್ದರು. ಸರಿಯಾಗಿ ಆ ತೇಪೆಯ ಮುಂದೆ ನಾನು ನಿಂತಿದ್ದೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಿಯರು ಮೊದಲು ಎದ್ದರು. ಆಮೇಲೆ ಎಲ್ಲರೂ ಎದ್ದರು. ಸಾವಿರ ಕೈ ಒಟ್ಟಿಗೆ ಜೋಡಿಸಿಕೊಂಡಿದ್ದನ್ನು ನಾನು ಮೇಲಿನಿಂದ ನೋಡಿದೆ. ನಾನು ಹೆದರಿ ನಿಲ್ಲಿಸುವವಳಲ್ಲ. ನನ್ನ ಮಾತು ಶುರು ಮಾಡಿದೆ. ಕೇಳಿಸಲಿಲ್ಲವೇನೋ ಎಂದು ದನಿ ಏರಿಸಿದೆ. ನಾನು ಕೂಗಿದಷ್ಟೂ ಅವರಿಗೆ ನಂಬಿಕೆ ಹೆಚ್ಚಿತು. ಗಟ್ಟಿಯಾಗಿ ಕೂಗುವ, ಕಣ್ಣು ಕೆಂಪಗೆ ಮಾಡಿ ಕತ್ತಿ ಎತ್ತುವ ಹೆಣ್ಣಿಗೆ ನಮ್ಮಲ್ಲಿ ಒಂದೇ ಅರ್ಥ. “ತಾಯಿ ಮೈಮ್ಯಾಲೆ ಬಂದವ್ಳೆ ಕಣ್ರಪ್ಪ,” ಎಂದು ಯಾರೋ ಅಂದರು. ಅರ್ಧ ಮೀಸೆ ಅಂಟಿಸಿಕೊಂಡಿದ್ದ ಗದೆ ಗೌಡರು ಬಣ್ಣದ ಕೋಣೆಯಿಂದ ಓಡಿ ಬಂದು ಕರ್ಪೂರ ಹಚ್ಚಿದ ತಟ್ಟೆ ಹಿಡಿದರು. ತೆಂಗಿನಕಾಯಿ ಒಡೆದರು. ಅರಿಸಿನದ ನೀರು ತಂದು ನನ್ನ ಕಾಲಿಗೆ ಸುರಿದರು. ನನ್ನ ನಾವಿಕರು, ದಿನಾ ಬಸ್ಸಿನಲ್ಲಿ ನನ್ನ ಜೊತೆ ಕಿತ್ತಾಡುತ್ತಿದ್ದವರು, ಹಗ್ಗ ಬಿಟ್ಟು ಸಾಷ್ಟಾಂಗ ಬಿದ್ದರು. ಒಬ್ಬಳು ಅಜ್ಜಿ ಕಾಲು ಹಿಡಿದುಕೊಂಡು, ತನ್ನ ಸೊಸೆಗೆ ಮಗು ಆಗುತ್ತದೆಯೋ ಇಲ್ಲವೋ ಹೇಳು ಎಂದು ಅಳತೊಡಗಿದಳು. ನಾನು ಹೊನ್ನಾಜಮ್ಮ, ಅಜ್ಜಿ, ಕಾಲು ಬಿಡಿ ಎಂದೆ. ಆಯಿತು ತಾಯಿ, ನೀನು ಯಾವ ಹೆಸರಲ್ಲಿ ಬಂದರೂ ಸರಿಯೇ ಎಂದಳು.

ಜನರ ನಡುವೆ ಅಪ್ಪ ಕಂಡರು. ಹುಟ್ಟಿದಾಗಿನಿಂದ ನನ್ನ ಒಂದು ಮಾತಿಗೂ ಅವರು ಕಿವಿ ಕೊಟ್ಟವರಲ್ಲ. ಅವತ್ತು ಚಪ್ಪಲಿ ಬಿಟ್ಟು, ಕೈ ಮುಗಿದು, ಕಣ್ಣು ಮುಚ್ಚಿ ನಿಂತಿದ್ದರು. ಅವತ್ತೂ ಕೇಳಲಿಲ್ಲ.

ಹಾರ್ಮೋನಿಯಂ ನಿಂತುಹೋಗಿತ್ತು. ಮೇಷ್ಟ್ರು ಅದರ ಮೇಲೆ ಎರಡೂ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತ ಕೂತಿದ್ದರು. ಯಾರೋ ಅವರ ಕೊರಳಿಗೂ ಹಾರ ಹಾಕಿದ್ದರು. ಅಷ್ಟರಲ್ಲಿ ರಾಜರಿಗೆ ಬಣ್ಣ ಮುಗಿಯಿತು, ಗಂಟೆ ಹೊಡೆದರು, ನಮ್ಮ ಸಮುದ್ರವನ್ನು ಸುತ್ತಿ ಮೇಲಕ್ಕೆ ಎಳೆದರು. ಕೊನೆಯ ದೃಶ್ಯಕ್ಕೆ ಹೊತ್ತೂ ಇರಲಿಲ್ಲ, ಕೇಳುವವರೂ ಇರಲಿಲ್ಲ.

ಮರುದಿನ ಅವರನ್ನು ಬಸ್ಸಿಗೆ ಹತ್ತಿಸಲು ಹೋದೆ. ಬಸ್ಸು ಬಂತು. ಪೆಟ್ಟಿಗೆ ಎತ್ತಿಕೊಳ್ಳುವಾಗ ಅಂದರು: “ಬೈದಿದ್ರೆ ಪರ್ವಾಗಿರ್ನಿಲ್ಲ. ಕಲ್ಲಲ್ಲಿ ಹೊಡ್ದಿದ್ರೂ, ಇನ್ನೊಂದ್ಸಲ ಆಡಿ ತೋರುಸ್ಬೋದಾಗಿತ್ತು. ಕೈ ಮುಗ್ದ್ಬುಟ್ರಲ್ಲವ್ವ. ಕೈ ಮುಗ್ದ್ ಮ್ಯಾಲೆ ಇನ್ನೇನೈತೆ ಹೇಳಾಕೆ?”

ಅದಕ್ಕಿಂತ ಕೆಟ್ಟದ್ದು ಆಮೇಲೆ ಬಂತು. ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊಗೆ ಭಕ್ತಿಗೀತೆ ಸೇರಿಸಿ ಊರೂರಿಗೆ ಹರಡಿದರು. ನನ್ನ ಬಾಯಿ ಆಡುವುದು ಕಾಣುತ್ತಿತ್ತು, ದನಿ ಇರಲಿಲ್ಲ. ಆ ಲಕ್ಷ್ಮಿ ಸೀನು ನಮ್ಮೂರಲ್ಲೂ ಮಾಡಿಸಿ ಎಂದು ಕನಕಪುರದ ಕಡೆಯಿಂದ, ಹಾರೋಹಳ್ಳಿಯ ಕಡೆಯಿಂದ ಮೇಷ್ಟ್ರಿಗೆ ಫೋನಿನ ಮೇಲೆ ಫೋನು. ಅವರು ಆಗಲ್ಲ, ಪೂರ್ತಿ ನಾಟಕ ಆಡಿಸುವುದಾದರೆ ಬರುತ್ತೇನೆ ಎಂದರು. ದೇವರ ಪರದೆ ತೆಗೆದು ಬರೀ ನೀಲಿ ಬಟ್ಟೆ ಕಟ್ಟಿ ಆಡೋಣ ಎಂದು ನಾನೇ ಓಡಾಡಿದೆ. ಹೋದ ಊರಲ್ಲೆಲ್ಲ, ದೇವರಿಲ್ಲದ ಸಮುದ್ರ ಯಾರಿಗೆ ಬೇಕು ಎಂದರು. ಇತ್ತ ಅಪ್ಪನ ಹತ್ತಿರ ಗಂಡಿನ ಕಡೆಯವರು ಸಾಲುಗಟ್ಟಿದರು. ಹುಡುಗಿಗೆ ಲಕ್ಷ್ಮಿ ಕಳೆ ಇದೆಯಂತೆ. ಕೊಟ್ಟ ಮಾತಿಗೆ ನಾನೂ ಮದುವೆಯಾಗಿ ರಾಮನಗರಕ್ಕೆ ಬಂದೆ. ಕೆಟ್ಟ ಮದುವೆಯೇನಲ್ಲ, ಕೆಲಸಕ್ಕೂ ಹೋಗುತ್ತೇನೆ. ಅತ್ತೆ ಮಾತ್ರ ಶುಕ್ರವಾರ ನನಗೆ ಗಟ್ಟಿಯಾಗಿ ಮಾತಾಡಬೇಡ ಎನ್ನುತ್ತಾರೆ.

ಮೇಷ್ಟ್ರು ಎಷ್ಟು ದಿನ ಆಗಲ್ಲ ಎಂದಾರು? ಬೇರೆ ನಾಟಕಕ್ಕೆ ಕರೆಯುವವರೂ ಕಡಿಮೆಯಾದರು. ವಿಧವೆ ತಂಗಿಯ ಜೊತೆ ಇದ್ದರು, ಒಲೆ ಉರಿಯಬೇಕಲ್ಲ. ಕನಕಪುರದ ಹತ್ತಿರ ಒಂದು ಹಳ್ಳಿಯಲ್ಲಿ ಲಕ್ಷ್ಮಿ ಸೀನು ಮಾಡಿಸುತ್ತಿದ್ದಾರೆ ಎಂದು ಕೇಳಿ ಗಂಡನ ಬೈಕಿನಲ್ಲಿ ಹೋದೆ. ಬಾಡಿಗೆ ನಟಿ ಕಾಲು ಜೋಡಿಸಿಕೊಂಡು, ಅಂಗೈಯಿಂದ ಚಿಲ್ಲರೆ ಕಾಸು ಸುರಿಸುತ್ತ ನಿಂತಿದ್ದಳು. ಕತ್ತಿ ಇರಲಿಲ್ಲ, ಮಾತೂ ಇರಲಿಲ್ಲ. ಮೇಷ್ಟ್ರು ಒಂದು ಸ್ವರ ತಪ್ಪದೆ ನುಡಿಸಿದರು. ನನ್ನನ್ನು ಕಂಡು ನಕ್ಕು, ಊಟ ಮಾಡ್ಕೊಂಡು ಹೋಗವ್ವ ಎಂದರು. ನನಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗಲಿಲ್ಲ.

ಈ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಹೋಯಿತು, ಬಾಯಿ ವಾರೆಯಾಯಿತು. ಜನರ ಗುರುತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವರ ತಂಗಿ ಫೋನ್ ಮಾಡಿ, ಅಣ್ಣ ಇನ್ನು ಬಹಳ ದಿನ ಇರಲ್ಲ ಕಣವ್ವ, ಬಂದು ನೋಡ್ಕೊಂಡು ಹೋಗು ಎಂದರು. ಮಧ್ಯಾಹ್ನ ಶಿಫ್ಟ್ ಮುಗಿಸಿ ನೇರ ಚನ್ನಪಟ್ಟಣಕ್ಕೆ ಹೋದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ತಂಗಿ ಈ ಕಡೆ ಹೊರಳಿಸಿ ದಿಂಬು ಕೊಟ್ಟು, ಟೀ ಮಾಡಲು ಒಳಗೆ ಹೋದರು.

ಬಸ್ಸಿನಲ್ಲಿ ಬರುವಾಗಲೇ ನಿರ್ಧಾರ ಮಾಡಿಕೊಂಡಿದ್ದೆ. ಯಾರೂ ಕೇಳದಿದ್ದರೆ ಹೋಗಲಿ, ಬರೆದವರಾದರೂ ಒಂದು ಸಲ ಕೇಳಲಿ. ಫ್ಯಾಕ್ಟರಿಯ ಯೂನಿಫಾರ್ಮಿನಲ್ಲೇ ಮಂಚದ ಮುಂದೆ ನಿಂತೆ. ಕಾಲು ಅಗಲ ಮಾಡಿದೆ. ನಾನು ಮೇಷ್ಟ್ರೆ, ಹೊನ್ನಾಜಮ್ಮ ಎಂದೆ. ಕಣ್ಣು ಬಿಟ್ಟು ನೋಡಿದರು. ಕೊನೆಯ ದೃಶ್ಯವನ್ನು ಪೂರ್ತಿ ಹೇಳಿದೆ, ನಾವಿಕರ ಮಾತನ್ನೂ ನಾನೇ ಹೇಳಿಕೊಂಡೆ. ಅಕ್ಕಪಕ್ಕದ ಮನೆಯವರಿಗೆ ಕೇಳಿಸಿದರೆ ಕೇಳಿಸಲಿ ಎಂದು ಗಂಟಲು ಬಿಟ್ಟೇ ಹೇಳಿದೆ. “ತಂದೆ ಮನೆ ಸೇರಿದರು. ಇನ್ನು ಈ ಹಡಗು ನನಗೋಸ್ಕರ ಹೋಗುತ್ತದೆ. ತಿರುಗಿಸಬೇಡಿ.” ದನಿ ಇಳಿಸಲಿಲ್ಲ.

ಅವರ ಕಣ್ಣಲ್ಲಿ ನೀರು ತುಂಬಿಕೊಂಡಿತು. ಕೇಳಿಸಿತು, ಕೇಳಿಸಿಕೊಂಡರು ಎಂದು ನನ್ನ ಜೀವ ಕುಣಿಯಿತು. ಆಗ ಅವರು ಎಡಗೈಯಿಂದ ಆ ಸತ್ತ ಬಲಗೈಯನ್ನು ಹಿಡಿದು, ಕಷ್ಟಪಟ್ಟು ಎಳೆದು, ಎದೆಯ ಮೇಲೆ ತಂದರು. ಎರಡನ್ನೂ ಜೋಡಿಸಿದರು. ವಾರೆ ಬಾಯಿಯಿಂದ, ತಾಯಿ ಎಂದರು.

ಅಲ್ಲ ಮೇಷ್ಟ್ರೆ, ನಾನು ಎಂದೆ. ಮಂಚದ ಮೇಲೆ ಕೂತು ಅವರ ಕೈಗಳನ್ನು ಬಿಡಿಸಿ, ಒಂದನ್ನು ಆ ಕಡೆ, ಒಂದನ್ನು ಈ ಕಡೆ ಇಟ್ಟೆ. ಅವರು ಮತ್ತೆ ಜೋಡಿಸಿದರು.